ಕಾವಲಿಗೆ ಇಳಿದ ಸೆಳೆವಗಳು: ದಾವಣಗೆರೆ–ದುರ್ಗದ ನಾಲ್ಕು ದಿನ

ಹಕ್ಕಿ ನೋಡುವ ಪ್ರವಾಸಕ್ಕೆ ಹೊರಡಲು ಮೂರು ದಿನ ಇರುವಾಗಲೇ ನಮ್ಮ ಗೈಡ್ ವಾಟ್ಸಾಪಿನಲ್ಲಿ ಒಂದು ಸಂದೇಶ ಕಳಿಸಿದ್ದರು. ಕೆಂಪು, ಬಿಳಿ ಬಟ್ಟೆ ಬೇಡ, ಮಣ್ಣಿನ ಬಣ್ಣದ್ದೋ ಎಲೆ ಬಣ್ಣದ್ದೋ ಇರಲಿ. ನಡೆದರೆ ಸರಸರ ಸದ್ದು ಮಾಡುವ ಜಾಕೆಟ್ ಬೇಡ. ಬೈನಾಕ್ಯುಲರ್ ಇಲ್ಲದವರು ಹೇಳಿ, ನನ್ನ ಹತ್ತಿರ ಎರಡು ಹೆಚ್ಚಿಗೆ ಇವೆ. ಕೊನೆಯ ಸಾಲು ಹೀಗಿತ್ತು: ‘ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಹಕ್ಕಿಯನ್ನು ಕರೆಯುವುದಿಲ್ಲ. ಒಪ್ಪಿಗೆ ಇದ್ದರೆ ಮಾತ್ರ ಬನ್ನಿ.’

ಆ ಒಂದು ಸಾಲಿಗೇ ನಾನು ದುಡ್ಡು ಕಳಿಸಿದೆ.

ಕಾರಣ ಇದೆ. ಹಿಂದೆ ಒಮ್ಮೆ ಬೇರೆಯವರ ಜೊತೆ ಒಂದು ಬೆಟ್ಟಕ್ಕೆ ಹಕ್ಕಿ ನೋಡಲು ಹೋಗಿದ್ದೆ. ಒಂದು ಬಸ್ಸಿನ ತುಂಬ ಜನ. ಕರೆದುಕೊಂಡು ಹೋದವರು ಪುಟ್ಟ ಸ್ಪೀಕರಿನಲ್ಲಿ ಒಂದು ಹಕ್ಕಿಯ ಕೂಗನ್ನು ಮತ್ತೆ ಮತ್ತೆ ಹಾಕಿದರು. ತನ್ನ ಜಾಗಕ್ಕೆ ಇನ್ನೊಂದು ಗಂಡು ಬಂದಿದೆ ಎಂದುಕೊಂಡು ಆ ಹಕ್ಕಿ ಓಡೋಡಿ ಬಂತು. ಕೊಂಬೆಯಿಂದ ಕೊಂಬೆಗೆ ಹಾರಿತು, ಗರಿ ಕೆದರಿ ಕೂಗಿತು. ಎಲ್ಲರಿಗೂ ಫೋಟೋ ಸಿಕ್ಕಿತು. ಹಕ್ಕಿ ಮಾತ್ರ ಇಲ್ಲದ ಶತ್ರುವನ್ನು ಹುಡುಕುತ್ತಲೇ ಇತ್ತು. ಆವತ್ತು ಮನೆಗೆ ಬಂದು ನನಗೆ ಊಟ ಸೇರಲಿಲ್ಲ.

ಈ ಸಲ ನಾವು ಏಳು ಜನ. ಹುಬ್ಬಳ್ಳಿಯ ನಿವೃತ್ತ ರೈಲ್ವೆ ನೌಕರರೊಬ್ಬರು, ದಾವಣಗೆರೆಯ ಗಂಡ ಹೆಂಡತಿ, ಬೆಂಗಳೂರಿನಿಂದ ಬಂದ ಇಬ್ಬರು ಗೆಳೆಯರು, ಕಾಲೇಜಿಗೆ ಹೋಗುವ ಒಂದು ಹುಡುಗಿ, ಮತ್ತೆ ನಾನು. ನಾನು ಶಾಲೆಯಲ್ಲಿ ಕನ್ನಡ ಕಲಿಸಿದವಳು. ಗೈಡ್ ದುರ್ಗದವರು, ನಲವತ್ತರ ಆಸುಪಾಸು. ಉಳಿದವರಿಗೆ ಅವರು ಅಣ್ಣ, ನನಗೆ ತಮ್ಮ.

ಮೊದಲ ದಿನ: ಕುಂದವಾಡ, ಕೊಂಡಜ್ಜಿ

ಬೆಳಗಿನ ಆರಕ್ಕೆ ಕುಂದವಾಡ ಕೆರೆಯ ಏರಿ ಮೇಲೆ ಸೇರಿದೆವು. ದಾವಣಗೆರೆಗೆ ಕುಡಿಯುವ ನೀರು ಕೊಡುವ ಕೆರೆ ಇದು, ಭದ್ರಾ ನಾಲೆಯಿಂದ ತುಂಬುತ್ತದೆ. ಊರವರಿಗೆ ಇದು ವಾಕಿಂಗ್ ಮಾಡುವ ಜಾಗ. ನಾನೂ ಇಲ್ಲಿ ಎಷ್ಟೋ ಸಲ ನಡೆದಿದ್ದೇನೆ. ಆದರೆ ನಡೆಯುವವರು ಕೆರೆ ನೋಡುವುದು ಕಡಿಮೆ ಅಲ್ವಾ? ಅವತ್ತು ನಾವು ನಡೆದದ್ದಕ್ಕಿಂತ ನಿಂತದ್ದೇ ಜಾಸ್ತಿ.

ಮೊದಲ ಪಾಠ ಬೈನಾಕ್ಯುಲರಿನದ್ದು. “ಮೊದಲು ಬರಿಗಣ್ಣಲ್ಲಿ ಹಕ್ಕಿ ನೋಡಿ. ಅದರ ಮೇಲಿಂದ ಕಣ್ಣು ತೆಗೀಬೇಡಿ. ಹಾಗೇ ಬೈನಾಕ್ಯುಲರ್ ಕಣ್ಣಿಗೆ ತನ್ನಿ” ಎಂದರು ಗೈಡ್. ಇಷ್ಟು ವರ್ಷ ನಾನು ಬೈನಾಕ್ಯುಲರನ್ನು ಕಣ್ಣಿಗೆ ಹಿಡಿದೇ ಹಕ್ಕಿ ಹುಡುಕುತ್ತಿದ್ದೆ. ಅವರು ಕೊಟ್ಟಿದ್ದು 8x42ರದ್ದು. ಎಂಟು ಪಟ್ಟು ಹತ್ತಿರ ತೋರಿಸುತ್ತದೆ, ಮುಂದಿನ ಗಾಜು 42 ಮಿಲಿಮೀಟರ್ ಅಗಲ. ಹತ್ತು ಪಟ್ಟಿನದ್ದೂ ಸಿಗುತ್ತದೆ. ಆದರೆ ಅದರಲ್ಲಿ ಕೈ ನಡುಕವೂ ಹತ್ತು ಪಟ್ಟು ಕಾಣುತ್ತದೆ. ಹೊಸಬರಿಗೆ ಎಂಟೇ ಒಳ್ಳೆಯದು.

ಕರಿ ಮೈ, ಹಣೆಯ ಮೇಲೆ ಬಿಳಿ ಪಟ್ಟೆ. ಇಂಗ್ಲಿಷಿನಲ್ಲಿ ಕೂಟ್ ಎನ್ನುವ ಈ ಹಕ್ಕಿಗೆ ನಮ್ಮವರು ನಾಮದ ಕೋಳಿ ಎಂದು ಹೆಸರಿಟ್ಟಿದ್ದಾರೆ. ಒಮ್ಮೆ ಹೆಸರು ಕೇಳಿದರೆ ಮತ್ತೆ ಮರೆಯುವ ಹಾಗೇ ಇಲ್ಲ. ಮುಳುಗಿ ಮುಳುಗಿ ಏಳುವ ಪುಟ್ಟದು ಗುಳುಮುಳುಕ. ಹಾವಿನ ಹಾಗೆ ಕತ್ತು ಮಾತ್ರ ನೀರಿನ ಮೇಲೆ ಇಟ್ಟು ಈಜುವುದು ಹಾವಕ್ಕಿ. ನೀರುಕಾಗೆ ಒಂದು ಕಲ್ಲಿನ ಮೇಲೆ ರೆಕ್ಕೆ ಹರಡಿಕೊಂಡು ನಿಂತಿತ್ತು. ಬಾತಿನ ಗರಿಯ ಮೇಲೆ ನೀರು ನಿಲ್ಲುವುದಿಲ್ಲ, ನೀರುಕಾಗೆಯ ಗರಿ ನೆನೆಯುತ್ತದೆ. ನೆನೆದರೆ ಮೈ ಭಾರವಾಗಿ ಮುಳುಗಲು ಸುಲಭ. ಮೇಲೆ ಬಂದಮೇಲೆ ಹೀಗೆ ಒಣಗಿಸಿಕೊಳ್ಳಬೇಕು. ಹುಡುಗಿ ಎಲ್ಲವನ್ನೂ ನೋಟ್ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು. ಕಾಗುಣಿತಕ್ಕೆ ನನ್ನ ಕಡೆ ತಿರುಗುತ್ತಿದ್ದಳು. ನನಗೆ ಮತ್ತೆ ಶಾಲೆಗೆ ಹೋದ ಖುಷಿ.

ತಿಂಡಿಗೆ ಬೆಣ್ಣೆ ದೋಸೆ. ಅದನ್ನು ವರ್ಣಿಸಲು ಹೋಗುವುದಿಲ್ಲ, ತಿಂದವರಿಗೆ ಗೊತ್ತು.

ಸಂಜೆ ಕೊಂಡಜ್ಜಿ. ಕುರುಚಲು ಗುಡ್ಡಗಳ ನಡುವೆ ಕೆರೆ, ದಡದಲ್ಲೇ ಸ್ಕೌಟ್ಸ್ ಮತ್ತು ಗೈಡ್ಸ್ ಮಕ್ಕಳ ಶಿಬಿರದ ಜಾಗ. ದಾವಣಗೆರೆಯಲ್ಲಿ ಓದಿದ ಎಷ್ಟೋ ಮಕ್ಕಳು ಮನೆ ಬಿಟ್ಟು ಮೊದಲ ರಾತ್ರಿ ಕಳೆದದ್ದು ಇಲ್ಲೇ. ಗೈಡ್ ಟೆಲಿಸ್ಕೋಪನ್ನು ಮುಕ್ಕಾಲಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ನಮ್ಮನ್ನು ಒಬ್ಬೊಬ್ಬರನ್ನಾಗಿ ಕರೆದರು. ನೀರಿನ ನಡುವೆ ಸೂಜಿಬಾಲದ ಬಾತುಗಳು. ಚಾಕೊಲೇಟ್ ಬಣ್ಣದ ತಲೆ, ಬಿಳಿ ಕತ್ತು, ಸೂಜಿಯಂಥ ಬಾಲ. ಯುರೋಪು, ಏಷ್ಯಾದ ಉತ್ತರದ ತಂಪು ನಾಡಿನಲ್ಲಿ ಮರಿ ಮಾಡಿ, ಚಳಿಗಾಲಕ್ಕೆ ಇಲ್ಲಿಯವರೆಗೆ ಬರುತ್ತವೆ. ಏಳೇ ಜನ ಇದ್ದುದರಿಂದ ಪ್ರತಿಯೊಬ್ಬರಿಗೂ ಎರಡು ಮೂರು ನಿಮಿಷ ನೋಡಲು ಸಿಕ್ಕಿತು. ಮೂವತ್ತು ಜನ ಇದ್ದಿದ್ದರೆ ಸರದಿ ಬರುವಷ್ಟರಲ್ಲಿ ಕತ್ತಲಾಗುತ್ತಿತ್ತು.

ಎರಡನೇ ದಿನ: ಸೂಳೆಕೆರೆ

ಅಂದು ಹೆಚ್ಚು ಹೊತ್ತು ಗಾಡಿಯಲ್ಲೇ ಕಳೆಯಿತು. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯನ್ನು ಈಗ ಶಾಂತಿಸಾಗರ ಎನ್ನುತ್ತಾರೆ. ಶಾಂತವ್ವ ಎಂಬ ಹೆಣ್ಣುಮಗಳು ಕಟ್ಟಿಸಿದ್ದು ಎಂದು ಜನರ ನಂಬಿಕೆ. ಏರಿ ಮೇಲೆ ನಿಂತರೆ ಆಚೆ ದಡ ಮಸುಕು ಗೆರೆ.

ಇಷ್ಟು ನೀರಿದ್ದರೂ ನಡುಕೆರೆಯಲ್ಲಿ ಹಕ್ಕಿ ಕಡಿಮೆ. ಬೆಂಗಳೂರಿನ ಗೆಳೆಯರಿಗೆ ಸ್ವಲ್ಪ ಬೇಸರವಾಯಿತು. ಗೈಡ್ ನಮ್ಮನ್ನು ಹಿನ್ನೀರಿನ ಕಡೆಯ ಗದ್ದೆಗಳಿಗೆ ಕರೆದುಕೊಂಡು ಹೋದರು. ಹಕ್ಕಿಗೆ ಬೇಕಾಗಿರುವುದು ಆಳದ ನೀರಲ್ಲ, ಮೊಣಕಾಲುದ್ದದ ನೀರು, ಕೆಸರು, ಜೊಂಡು. ಗದ್ದೆಯಲ್ಲಿ ಬಾಯ್ಕಳಕಗಳು ಸಾಲಾಗಿ ನಡೆಯುತ್ತಿದ್ದವು. ಕೊಕ್ಕು ಮುಚ್ಚಿದರೂ ನಡುವೆ ಒಂದು ಸಂದಿ ಉಳಿಯುತ್ತದೆ. ಅದಕ್ಕೇ ಆ ಹೆಸರು. ನೀರಿನ ಬಸವನಹುಳು ಇದರ ಮುಖ್ಯ ಆಹಾರ. ಒಂದು ಹಕ್ಕಿ ಕೆಸರಿನಿಂದ ಹುಳು ಎತ್ತಿ, ಚಿಪ್ಪು ಒಡೆಯದೆ ಒಳಗಿನ ಮಾಂಸವನ್ನು ಎಳೆದು ತಿಂದದ್ದನ್ನು ಟೆಲಿಸ್ಕೋಪಿನಲ್ಲಿ ಪೂರ್ತಿ ನೋಡಿದೆವು. ಬದುವಿನ ಮೇಲೆ ಗದ್ದೆಯ ಯಜಮಾನರೂ ಬಂದು ನಿಂತರು. ಟೆಲಿಸ್ಕೋಪಿನಲ್ಲಿ ಇಣುಕಿ, “ದಿನಾ ನೋಡ್ತೀನ್ರಿ, ಹಿಂಗ್ ನೋಡಿರ್ಲಿಲ್ಲ” ಎಂದರು. ಮನೆಯಿಂದ ಮಜ್ಜಿಗೆ ತರಿಸಿದರು.

ಗಾಡಿಯಲ್ಲಿ ಒಂದು ಚರ್ಚೆ ಎದ್ದಿತು. ಮಾರಿಕಣಿವೆಗೂ ಹೋಗೋಣ ಎಂದು ದಾವಣಗೆರೆ ದಂಪತಿ. ಹಿರಿಯೂರಿನ ವಾಣಿ ವಿಲಾಸ ಸಾಗರ ಅದು. ವೇದಾವತಿಗೆ 1898ರಲ್ಲಿ ಕಟ್ಟಲು ಶುರುಮಾಡಿ 1907ರಲ್ಲಿ ಮುಗಿಸಿದ ಅಣೆಕಟ್ಟು. 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 2022ರಲ್ಲಿ. ಆ ವರ್ಷ ಇಡೀ ಜಿಲ್ಲೆಯೇ ಅಲ್ಲಿಗೆ ಹೋಗಿ ನೀರು ನೋಡಿ ಬಂದಿತ್ತು. ಗೈಡ್ ಮಾತ್ರ ಬೇಡ ಎಂದರು. “ಡ್ಯಾಮ್ ನೋಡಕ್ಕೆ ಇನ್ನೊಂದ್ಸಲ ಮನೆಯವರ ಜೊತೆ ಬನ್ನಿ. ನಾಲ್ಕು ದಿನದಲ್ಲಿ ಏಳು ಜಾಗ ಸುತ್ತಿದ್ರೆ ಯಾವುದನ್ನೂ ನೋಡಿದ ಹಾಗಾಗಲ್ಲ.” ಈ ಮಾತು ನನಗೆ ಹಿಡಿಸಿತು. ಎಲ್ಲಿಗೆ ಹೋಗಬಾರದು ಎಂದು ತಿಳಿದವನೇ ಒಳ್ಳೆಯ ಗೈಡ್ ಎಂದು ಆ ನಾಲ್ಕು ದಿನದಲ್ಲಿ ನನಗೆ ಮತ್ತೆ ಮತ್ತೆ ಅನಿಸಿತು.

ರಾತ್ರಿ ಚಿತ್ರದುರ್ಗ. ಮುದ್ದೆ, ಸೊಪ್ಪಿನ ಸಾರು. ಊಟದ ನಂತರ ದಿನದ ಹಕ್ಕಿಗಳ ಪಟ್ಟಿ ಮಾಡಿದೆವು. ಅದನ್ನು ಇ-ಬರ್ಡ್‌ಗೆ, ಅಂದರೆ ಹಕ್ಕಿ ನೋಡುವವರು ತಮ್ಮ ಪಟ್ಟಿ ಸೇರಿಸುವ ಅಂತರ್ಜಾಲ ತಾಣಕ್ಕೆ, ಹಾಕುತ್ತಾರೆ. ಯಾವ ಊರಲ್ಲಿ, ಯಾವ ದಿನ, ಎಷ್ಟು ಹೊತ್ತು ನೋಡಿದೆವು, ಯಾವ ಹಕ್ಕಿ ಎಷ್ಟು. ನಾವು ಸುಮ್ನೆ ನೋಡಿ ಬರುವ ಕೊಕ್ಕರೆಯೂ ಹೀಗೆ ಲೆಕ್ಕಕ್ಕೆ ಸೇರುತ್ತದೆ.

ಮೂರನೇ ದಿನ: ಜೋಗಿಮಟ್ಟಿ, ಕೋಟೆ

ಈ ದಿನಕ್ಕಾಗಿಯೇ ನಾನು ಬಂದಿದ್ದೆ.

ಹಳದಿ ಕೊರಳಿನ ಪಿಕಳಾರ. ದಕ್ಷಿಣ ಭಾರತ ಬಿಟ್ಟು ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲದ ಹಕ್ಕಿ. ದಟ್ಟ ಕಾಡು ಇದಕ್ಕೆ ಬೇಡ, ಬಯಲೂ ಬೇಡ. ಬಂಡೆ ಇರಬೇಕು, ಬಂಡೆಯ ಸಂದಿಯಲ್ಲಿ ಮುಳ್ಳು ಪೊದೆ ಇರಬೇಕು. ನಂದಿಬೆಟ್ಟದಲ್ಲಿ ಇದನ್ನು ನೋಡಲು ಜನ ದೂರದಿಂದ ಬರುತ್ತಾರೆ. ನಮ್ಮ ದುರ್ಗದ ಬಂಡೆಗಳಲ್ಲೂ ಇದು ಇದೆ ಎಂದು ನಮಗೆಷ್ಟು ಜನಕ್ಕೆ ಗೊತ್ತು?

ಜೋಗಿಮಟ್ಟಿಯನ್ನು 2015ರಲ್ಲಿ ವನ್ಯಜೀವಿಧಾಮ ಎಂದು ಘೋಷಿಸಿದರು. ಊರಿಗೆ ಅಂಟಿಕೊಂಡಂತೆಯೇ ಇರುವ ಬೆಟ್ಟಸಾಲು. ಗೇಟಿನಲ್ಲಿ ಅನುಮತಿ ಚೀಟಿ ತೋರಿಸಿ ಮೇಲೆ ಹೋದೆವು. ಗಾಳಿ ಎಂದರೆ ಗಾಳಿ. ಸುತ್ತಲಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸುಮ್ಮನೆ ನಿಂತಿಲ್ಲ. ಟೋಪಿ ಹಿಡಿದುಕೊಳ್ಳಲು ಒಂದು ಕೈ, ಬೈನಾಕ್ಯುಲರಿಗೆ ಒಂದು ಕೈ.

ಒಂದು ದೊಡ್ಡ ಬಂಡೆಯ ಎದುರು ಗೈಡ್ ನಮ್ಮನ್ನು ಕೂರಿಸಿದರು. ಬಂಡೆಯ ಸೀಳಿನಲ್ಲಿ ಅರಳಿ ಜಾತಿಯ ಒಂದು ಗಿಡ, ತುಂಬ ಸಣ್ಣ ಸಣ್ಣ ಹಣ್ಣು. “ಹಣ್ಣು ಇರೋ ತನಕ ಇಲ್ಲಿಗೆ ಬಂದೇ ಬರ್ತವೆ. ನಾವು ಕಾಯೋದು ಅಷ್ಟೇ” ಎಂದರು.

ಕಾದೆವು. ಮೊದಲು ಬಂದದ್ದು ಕೆಮ್ಮೀಸೆಯ ಪಿಕಳಾರಗಳು, ನಮ್ಮ ಹಿತ್ತಲಲ್ಲೂ ಕಾಣುವಂಥವು. ಆಮೇಲೆ ಬಿಳಿ ಹುಬ್ಬಿನ ಪಿಕಳಾರ. ಅದು ಪೊದೆಯೊಳಗಿಂದ ಗಡಗಡ ಎಂದು ಒಂದು ಕಂತೆ ಸ್ವರ ಸುರಿಯುತ್ತದೆ, ಮುಖ ತೋರಿಸುವುದಿಲ್ಲ. ಒಂದು ಗಂಟೆ ಕಳೆಯಿತು. ಬೆಂಗಳೂರಿನ ಗೆಳೆಯರಲ್ಲಿ ಒಬ್ಬರು ಮೆಲ್ಲಗೆ ಕೇಳಿದರು. “ಅಣ್ಣ, ಒಂದೇ ಒಂದು ಸಲ ಕೂಗು ಹಾಕಿದ್ರೆ? ಅಷ್ಟು ದೂರದಿಂದ ಬಂದಿದ್ದೀವಿ.”

ಗೈಡ್ ಸಿಟ್ಟಾಗಲಿಲ್ಲ. “ನಾಳೆ ಇನ್ನೊಬ್ಬರು ಬರ್ತಾರೆ, ಅವರೂ ಒಂದೇ ಒಂದು ಸಲ ಅಂತಾರೆ. ಹಕ್ಕಿಗೆ ಅದು ಒಂದು ಸಲ ಆಗಲ್ಲ” ಎಂದರು. ಆ ಗೆಳೆಯರು ತಲೆಯಾಡಿಸಿ ಸುಮ್ಮನೆ ಕೂತರು. ಇದನ್ನು ನಾನು ಹಿಂದಿನ ಪ್ರವಾಸದಲ್ಲಿ ಹೇಳಬೇಕಿತ್ತು. ನನಗೆ ಆಗ ಬಾಯಿ ಬಂದಿರಲಿಲ್ಲ.

ಇನ್ನೂ ಅರ್ಧ ಗಂಟೆಯಾದಮೇಲೆ ಗಾಳಿ ಸ್ವಲ್ಪ ನಿಂತಿತು. ಹುಡುಗಿ ನನ್ನ ತೋಳು ಹಿಡಿದಳು. ಮಾತಾಡಲಿಲ್ಲ, ಗಲ್ಲದಲ್ಲೇ ತೋರಿಸಿದಳು. ಗಿಡದ ಎಡಗಡೆ, ಬಂಡೆಯ ಅಂಚಿನಲ್ಲಿ ಒಂದು ಹಕ್ಕಿ. ಹಳದಿ ತಲೆ, ಹಳದಿ ಕೊರಳು, ಬೂದು ಎದೆ. ಕೊರಳಿನ ಹಳದಿಗೆ ಆಗ ತಾನೇ ಕಲಸಿದ ಅರಿಶಿನದ ಹೊಳಪು. ಅದು ಗಿಡಕ್ಕೆ ಜಿಗಿದು ಒಂದು ಹಣ್ಣು ಕಿತ್ತಿತು, ಇನ್ನೊಂದು ಕಿತ್ತಿತು. ಹಿಂದೆಯೇ ಇನ್ನೊಂದು ಬಂತು. ತಿರುಗಿದಾಗ ಬಾಲದ ತುದಿಯ ತಿಳಿ ಬಣ್ಣವೂ ಕಂಡಿತು. ಎರಡೂ ಹಣ್ಣು ತಿಂದು, ಬಂಡೆಯ ಮೇಲೆ ಕೊಕ್ಕು ಒರೆಸಿ, ಆಚೆ ಕಣಿವೆಗೆ ಇಳಿದುಹೋದವು. ಒಂದು ನಿಮಿಷವೂ ಇರಲಿಲ್ಲ. ನಮ್ಮ ಕಡೆ ಅವು ತಿರುಗಿಯೂ ನೋಡಲಿಲ್ಲ. ನನಗೆ ಬೇಕಾಗಿದ್ದುದು ಅದೇ. ಹುಬ್ಬಳ್ಳಿಯ ಹಿರಿಯರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು, ನಾನೂ.

ಈ ಹಕ್ಕಿಗೆ ಬಂಡೆಯೇ ಮನೆ. ಆ ಬಂಡೆಯೇ ನಮ್ಮ ಮನೆಗಳಿಗೆ ಜಲ್ಲಿ, ನೆಲಕ್ಕೆ ಗ್ರಾನೈಟು. ಗುಡ್ಡ ಒಡೆದ ಕಡೆ ಇದು ಪಕ್ಕದ ತೋಟಕ್ಕೋ ಊರಿಗೋ ಹೋಗಿ ಬದುಕಿಕೊಳ್ಳುವುದಿಲ್ಲ. ಅಳಿವಿನ ಅಪಾಯದಲ್ಲಿರುವ ಹಕ್ಕಿಗಳ ಪಟ್ಟಿಯಲ್ಲಿ ಇದು ಸೇರಿರುವುದಕ್ಕೆ ಕಲ್ಲು ಗಣಿಗಾರಿಕೆಯೂ ಒಂದು ಕಾರಣ.

ಸಂಜೆ ಏಳುಸುತ್ತಿನ ಕೋಟೆ. ಓಬವ್ವನ ಕಿಂಡಿಯ ಹತ್ತಿರ ಜನವೋ ಜನ. ನಾವು ಮೇಲಿನ ಮಂಟಪಗಳ ಕಡೆ ಹೋದೆವು. ಕಲ್ಲಿನ ಛಾವಣಿಗೆ ಮಣ್ಣಿನ ಬಟ್ಟಲು ಅಂಟಿಸಿ ಗೂಡು ಮಾಡುವ ಕವಲುತೋಕೆಗಳು ತಲೆ ಮೇಲೇ ಹಾರಾಡುತ್ತಿದ್ದವು. ಒಂದು ಕಡೆ ದಾರಿ ಎರಡಾಯಿತು. ಎಡಗಡೆ ಬೇಡ ಎಂದರು ಗೈಡ್. ಯಾಕೆ ಎಂದಿದ್ದಕ್ಕೆ, “ಆ ಕಡೆ ಕೊಂಬಿನ ಗೂಬೆ ಇದೆ ಅಕ್ಕಾ. ಮೊಟ್ಟೆ ಇಡೋ ಕಾಲ. ನಾವು ಹೋದ್ರೆ ಎದ್ದು ಹಾರುತ್ತೆ, ಮೊಟ್ಟೆ ಬಿಸಿಲಿಗೆ, ಕಾಗೆಗೆ ಬಿಟ್ಟು.” ಯಾರೂ ಒತ್ತಾಯ ಮಾಡಲಿಲ್ಲ. ಕತ್ತಲಾಗುವ ಹೊತ್ತಿಗೆ ಇಳಿಯುತ್ತಿದ್ದಾಗ ಬಂಡೆಗಳ ನಡುವಿನಿಂದ ಅದರ ದನಿ ಕೇಳಿತು. ದಪ್ಪ, ಗಂಭೀರ, ಎರಡೇ ಸ್ವರ. ಎಲ್ಲರೂ ಮೆಟ್ಟಿಲ ಮೇಲೆ ಹಾಗೇ ನಿಂತೆವು. ಪಟ್ಟಿಯಲ್ಲಿ ‘ಕೇಳಿದ್ದು’ ಎಂದು ಬರೆದೆವು.

ನಾಲ್ಕನೇ ದಿನ: ಚಳ್ಳಕೆರೆಯ ಕಾವಲು

ಹುಲ್ಲುಗಾವಲು ಎಂದರೆ ನಮ್ಮಲ್ಲಿ ಇನ್ನೂ ಎಷ್ಟೋ ಜನ ಬೀಳುಭೂಮಿ ಎಂದುಕೊಳ್ಳುತ್ತಾರೆ. ಚಳ್ಳಕೆರೆ ಕಡೆಯ ಕಾವಲುಗಳು ಬೀಳಲ್ಲ. ಮೈಸೂರು ಅರಸರ ಕಾಲದಿಂದ ದನಕ್ಕೆಂದು ಕಾಯ್ದಿಟ್ಟ ಹುಲ್ಲು. ಅರಮನೆಯ ದನಗಳನ್ನು ನೋಡಿಕೊಳ್ಳುತ್ತಿದ್ದ ಇಲಾಖೆ ಬೆಣ್ಣೆ ಚಾವಡಿಗೆ ಅಮೃತ ಮಹಲ್ ಎಂದು ಹೆಸರಿಟ್ಟದ್ದು ಟಿಪ್ಪು. ಆ ಹೆಸರು ದನದ ತಳಿಗೂ ಉಳಿಯಿತು, ಕಾವಲಿಗೂ ಉಳಿಯಿತು. ಈಗ ಇದರ ಒಂದಷ್ಟು ಭಾಗ ದೊಡ್ಡ ವಿಜ್ಞಾನ ಸಂಸ್ಥೆಗಳ ಬೇಲಿಯೊಳಗೆ ಸೇರಿದೆ. ಉಳಿದ ಕಡೆ ಕುರಿ, ದನ, ಈ ಕಡೆಯ ದನಗಾಹಿ ಸಮುದಾಯವಾದ ಮ್ಯಾಸಬೇಡರ ದೇವರ ಎತ್ತುಗಳು ಮೇಯುತ್ತವೆ.

ಬೆಳಿಗ್ಗೆ ಎಂಟರ ಸುಮಾರಿಗೆ ಒಂದು ಗೋಕಟ್ಟೆಯಿಂದ ದೂರ ಜಾಲಿ ಮರದ ಮರೆಯಲ್ಲಿ ಕೂತೆವು. ಕಲ್ಲುಗೌಜಲಗಳು ನೀರಿಗೆ ಬರುವ ಹೊತ್ತು. ಗುಂಪಾಗಿ ಬಂದವು, ಮಣ್ಣಿಗೆ ಇಳಿದ ತಕ್ಷಣ ಮಣ್ಣೇ ಆಗಿಹೋದವು. ಬೇಗ ಬೇಗ ನಾಲ್ಕು ಗುಟುಕು ಕುಡಿದು ಮತ್ತೆ ಎದ್ದವು. ಮರಿ ಇರುವಾಗ ಗಂಡು ಹಕ್ಕಿ ನೀರಿಗಿಳಿದು ಹೊಟ್ಟೆಯ ಗರಿ ನೆನೆಸಿಕೊಳ್ಳುತ್ತದೆ. ಆ ಗರಿಗಳು ಸ್ಪಂಜಿನ ಹಾಗೆ ನೀರು ಹಿಡಿಯುತ್ತವೆ. ಹಾರಿ ಹೋಗಿ ಮರಿಗಳಿಗೆ ಆ ಗರಿಯಿಂದಲೇ ನೀರು ಕುಡಿಸುತ್ತದೆ. ಬಯಲುಸೀಮೆಯ ತಂದೆ ಎಂದರೆ ಇದು ಎಂದುಕೊಂಡೆ. ನಮ್ಮಪ್ಪ ಬೇಸಿಗೆಯಲ್ಲಿ ಸೈಕಲ್ಲಿಗೆ ಎರಡು ಕೊಡ ಕಟ್ಟಿಕೊಂಡು ನೀರು ತರುತ್ತಿದ್ದದ್ದು ನೆನಪಾಯಿತು.

ಮಧ್ಯಾಹ್ನ ಒಂದು ಬೇವಿನ ಮರದಡಿ ರೊಟ್ಟಿ, ಶೇಂಗಾ ಚಟ್ನಿ. ಕುರಿ ಕಾಯುವ ಅಜ್ಜ ಒಬ್ಬರು ಬಂದು ಕೂತರು. “ಯಾವೂರವ್ವಾ? ಏನ್ ಹುಡುಕ್ತಾ ಇದೀರಿ?” ಹಕ್ಕಿ ಎಂದೆ. ಗೈಡ್ ಪುಸ್ತಕ ತೆಗೆದು ಒಂದು ಚಿತ್ರ ತೋರಿಸಿದರು. ಅಜ್ಜ ಬೆರಳಿಟ್ಟು, “ಎರೆಭೂತ ಅಲ್ವೇನಪ್ಪಾ ಇದು. ನಮ್ಮಪ್ಪ ನೋಡಿದ್ನಂತೆ. ಕುರಿಮರಿಯಷ್ಟು ಎತ್ರ ಐತೆ ಅಂತಿದ್ದ. ನಾನ್ ನೋಡ್ಲಿಲ್ಲ” ಎಂದರು. ಇಂಗ್ಲಿಷಿನಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್ ಎನ್ನುವ ಎರೆಭೂತ ಈಗ ನಮ್ಮ ರಾಜ್ಯದಲ್ಲಿ ಬಳ್ಳಾರಿಯ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು ಮಾತ್ರ. ಅಜ್ಜನ ಬಾಯಲ್ಲಿ ಹೆಸರು ಇನ್ನೂ ಇದೆ, ಎದುರಿನ ಹುಲ್ಲಿನಲ್ಲಿ ಹಕ್ಕಿ ಇಲ್ಲ. ಅಜ್ಜ ಎದ್ದು ಹೋದಮೇಲೂ ಪುಸ್ತಕ ಅದೇ ಪುಟಕ್ಕೆ ತೆರೆದಿತ್ತು. ಯಾರೂ ಮುಚ್ಚಲಿಲ್ಲ.

ಸಂಜೆಗೆ ಕೊನೆಯ ಕೆಲಸ, ಸೆಳೆವಗಳ ಎಣಿಕೆ. ಸೆಳೆವ ಎಂದರೆ ಉದ್ದ ರೆಕ್ಕೆಯ, ಹುಲ್ಲಿನ ಮೇಲೆ ತೇಲುತ್ತ ಬೇಟೆಯಾಡುವ ಹದ್ದಿನ ಬಳಗದ ಹಕ್ಕಿ. ಮಧ್ಯ ಏಷ್ಯಾದ ಹುಲ್ಲು ಬಯಲುಗಳಲ್ಲಿ, ಕಜಕಿಸ್ತಾನದಂಥ ಕಡೆ ಮರಿ ಮಾಡಿ, ಚಳಿಗಾಲಕ್ಕೆ ನಮ್ಮ ಹುಲ್ಲಿಗೆ ಬರುತ್ತವೆ. ಇವುಗಳ ಊಟದಲ್ಲಿ ಮಿಡತೆಯದ್ದು ದೊಡ್ಡ ಪಾಲು, ಹಾಗಾಗಿ ರೈತರಿಗೂ ಬೇಕಾದವು. ರಾತ್ರಿ ಮರದ ಮೇಲೆ ಮಲಗುವುದಿಲ್ಲ. ಎತ್ತರದ ಹುಲ್ಲು ನೋಡಿ, ನೆಲದ ಮೇಲೇ, ಗುಂಪಾಗಿ ಮಲಗುತ್ತವೆ. ಅದಕ್ಕೇ ಒಂದು ಕಾವಲಿಗೆ ಬೆಂಕಿ ಬಿದ್ದರೆ ಅಥವಾ ನೇಗಿಲು ಬಿದ್ದರೆ ಒಂದು ಊರೇ ಎದ್ದ ಹಾಗೆ.

ಹುಲ್ಲಿನಿಂದ ದೂರದಲ್ಲಿ ಮೂರು ಕಡೆ ಹಂಚಿ ಕೂತೆವು. ಯಾರು ಯಾವ ದಿಕ್ಕಿನಿಂದ ಬಂದದ್ದನ್ನು ಎಣಿಸಬೇಕು ಎಂದು ಮೊದಲೇ ನಿಗದಿ, ಒಂದೇ ಹಕ್ಕಿ ಎರಡು ಸಲ ಲೆಕ್ಕಕ್ಕೆ ಬರಬಾರದು. ಟಾರ್ಚ್ ಇಲ್ಲ, ಫ್ಲ್ಯಾಶ್ ಇಲ್ಲ. ನನಗೂ ಹುಡುಗಿಗೂ ಪಡುವಣ ದಿಕ್ಕು.

ಸೂರ್ಯ ಇಳಿಯುವವರೆಗೆ ಒಂದೂ ಇಲ್ಲ. ಆಮೇಲೆ ಒಂದು ಬಂತು. ತಿಳಿ ಬೂದು ಮೈ, ರೆಕ್ಕೆಯ ತುದಿಯಲ್ಲಿ ಕರಿ ಗೂಟದಂಥ ಗುರುತು. ಬಿಳಿ ಸೆಳೆವದ ಗಂಡು. ಹುಲ್ಲಿನ ಮೇಲೆ ಒಂದು ಸುತ್ತು, ಎರಡು ಸುತ್ತು, ಆಮೇಲೆ ಕಾಲು ಚಾಚಿ ಕೆಳಗೆ. ಹುಲ್ಲು ಮುಚ್ಚಿಕೊಂಡಿತು. ಮತ್ತೊಂದು, ಮತ್ತೆರಡು. ಸದ್ದೇ ಇಲ್ಲ. ಇಳಿದದ್ದು ಮತ್ತೆ ಎದ್ದು ಇನ್ನೊಂದು ಕಡೆ ಇಳಿಯುತ್ತಿತ್ತು, ನಾವು ತಬ್ಬಿಬ್ಬಾಗುತ್ತಿದ್ದೆವು. ಹುಡುಗಿ ಬೆರಳು ಮಡಚಿ ಎಣಿಸುತ್ತಿದ್ದಳು. ನಾನು ಪೆನ್ಸಿಲಿನಲ್ಲಿ ಗೀಟು ಹಾಕುತ್ತಿದ್ದೆ.

ಬೆಳಕು ಪೂರ್ತಿ ಹೋಗುವ ಮೊದಲು ಒಂದು ಕಂದು ಹಕ್ಕಿ ಬಂತು. ಬಾಲದ ಬುಡದಲ್ಲಿ ಬಿಳಿ. ಬಿಳಿ ಸೆಳೆವದ ಹೆಣ್ಣೋ, ಮಾಂಟೆಗು ಸೆಳೆವದ ಹೆಣ್ಣೋ ಎಂದು ಹುಡುಗಿ ಪಿಸುಗುಟ್ಟಿದಳು. ಮುಖದ ಸುತ್ತಲಿನ ಬಿಳಿ ಪಟ್ಟಿ ಕಂಡರೆ ಹೇಳಬಹುದಿತ್ತು. ಕಾಣಲಿಲ್ಲ.

ಚಳ್ಳಕೆರೆಯ ಒಂದು ಚಹಾದಂಗಡಿಯ ಬೆಳಕಿನಲ್ಲಿ ಮೂರೂ ಕಡೆಯ ಲೆಕ್ಕ ಕೂಡಿಸಿದೆವು. ಇಪ್ಪತ್ಮೂರು. “ಆಂಟಿ, ಕೊನೇದನ್ನ ಬಿಳಿ ಸೆಳೆವ ಅಂತ ಬರೀಲಾ?” ಎಂದಳು ಹುಡುಗಿ. ಅವಳಿಗೆ ಆಸೆ ಇತ್ತು, ನನಗೂ ಇತ್ತು. ಗೈಡ್ ಕಡೆ ನೋಡಿದೆವು. ಅವರು ಏನೂ ಹೇಳದೆ ಮಂಡಕ್ಕಿಯ ಪೊಟ್ಟಣ ನಮ್ಮ ಕಡೆ ಸರಿಸಿದರು. ಅವಳೇ ಸ್ವಲ್ಪ ಹೊತ್ತು ಪೆನ್ಸಿಲ್ ಕಚ್ಚಿಕೊಂಡಿದ್ದು, ಬಗ್ಗಿ ಬರೆದಳು: ‘ಸೆಳೆವ, ಜಾತಿ ಗೊತ್ತಾಗಲಿಲ್ಲ, 1.’